ವಾಚು ಕಟ್ಟದ 88 ಮಂದಿ

ನಮ್ಮಪ್ಪ ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ ಮಾಡುತ್ತಿದ್ದ ಮೊದಲ ಕೆಲಸ ವಾಚಿಗೆ ಕೀ ಕೊಡುವುದು. ಎಚ್‌ಎಂಟಿ ಜನತಾ, ಬಿಳಿ ಡಯಲ್ಲಿನದು. ಕಿವಿಯ ಹತ್ತಿರ ಹಿಡಿದು, ತುಟಿಯಲ್ಲೇ ಲೆಕ್ಕ ಹಾಕುತ್ತಾ ತಿರುಗಿಸುತ್ತಿದ್ದರು. ನಡುವೆ ಯಾರಾದರೂ ಮಾತಾಡಿಸಿದರೆ ಕಣ್ಣಲ್ಲೇ ಗದರುತ್ತಿದ್ದರು. ಆಮೇಲೆ ಕಾಫಿ, ಸ್ನಾನ, ಇಸ್ತ್ರಿ ಮಾಡಿದ ಅಂಗಿ, ತಿರುವಿನಲ್ಲಿ ಫ್ಯಾಕ್ಟರಿ ಬಸ್ಸಿನ ಹಾರನ್ನು. ತುಮಕೂರಿನ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಅಂದರೆ ಆ ಕಾಲಕ್ಕೆ ಹೆಣ್ಣು ಕೊಡುವವರು ಜಾತಕವನ್ನೂ ಸರಿಯಾಗಿ ನೋಡುತ್ತಿರಲಿಲ್ಲವಂತೆ. ಇದು ಅಮ್ಮ ಹೇಳಿದ್ದು, ಸ್ವಲ್ಪ ಒಗರಾಗಿಯೇ.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಅಪ್ಪ ವಿ.ಆರ್.ಎಸ್. (ಸ್ವಯಂ ನಿವೃತ್ತಿ) ತೆಗೆದುಕೊಂಡರು. ಅವರನ್ನು ಯಾರೂ ನೂಕಲಿಲ್ಲ. ಅಕ್ಕನ ಮದುವೆ ಎದುರಿಗಿತ್ತು, ಮನೆ ಸಾಲ ಬೆನ್ನಿಗಿತ್ತು, ಒಟ್ಟಿಗೆ ಬರುವ ದುಡ್ಡು ಎರಡಕ್ಕೂ ಆಗುತ್ತಿತ್ತು. ಮೊದಲ ಎರಡು ತಿಂಗಳು ಮನೆಯಲ್ಲಿ ಹಬ್ಬದ ಕಳೆ. ದೇವರಾಯನದುರ್ಗಕ್ಕೆ ಹೋಗಿ ಬಂದೆವು, ಮದುವೆ ಆಯಿತು, ನೆಂಟರೆಲ್ಲ ಹೊರಟುಹೋದರು. ಆಮೇಲೂ ಅಪ್ಪ ಅದೇ ಹೊತ್ತಿಗೆ ಎದ್ದು, ಕೀ ಕೊಟ್ಟು, ಇಸ್ತ್ರಿ ಅಂಗಿ ಹಾಕಿಕೊಂಡು ಜಗಲಿ ಮೇಲೆ ಕೂರುತ್ತಿದ್ದರು. ಬಸ್ಸು ಹಾರನ್ ಹೊಡೆದಾಗ ಒಮ್ಮೆ ಕತ್ತೆತ್ತುತ್ತಿದ್ದರು, ಅಷ್ಟೆ. ಐದಾರು ತಿಂಗಳು ಕಳೆಯುವಷ್ಟರಲ್ಲಿ ವಾಚು ಮಣಿಕಟ್ಟಿನಿಂದ ಇಳಿದು ಬೀರು ಸೇರಿತ್ತು. ಯಾವತ್ತು ಬಿಚ್ಚಿಟ್ಟರೋ ಮನೆಯಲ್ಲಿ ಯಾರೂ ಗಮನಿಸಲಿಲ್ಲ. ಮನಃಶಾಸ್ತ್ರ ಓದುತ್ತಿದ್ದ ನಾನೂ.

ಮನಃಶಾಸ್ತ್ರ ತೆಗೆದುಕೊಂಡಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಕಲಾ ವಿಭಾಗದಲ್ಲಿ ಪ್ರಯೋಗಾಲಯವಿದ್ದ ವಿಷಯ ಅದೊಂದೇ. ಅಲ್ಲಿ ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವ ಆಟ ಇತ್ತು. ನೆಂಟರ ಪಾಲಿಗೆ ಮಾತ್ರ ನಾನು ಅವತ್ತಿನಿಂದ ‘ಹುಚ್ಚರ ಡಾಕ್ಟ್ರು’. ಈಗಲೂ ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಯಾರಾದರೊಬ್ಬರು ‘ನಮ್ಮ ಹುಡುಗನ್ನ ಒಂಚೂರು ಮಾತಾಡಿಸಮ್ಮ’ ಅನ್ನುತ್ತಾರೆ. ನಾನು ನೋಡುವುದು ಹುಡುಗರನ್ನಲ್ಲ, ಅವರು ಕೆಲಸ ಮಾಡುವ ಜಾಗವನ್ನು ಎಂದು ವಿವರಿಸುವಷ್ಟರಲ್ಲಿ ಪಾಯಸ ಬಂದಿರುತ್ತದೆ.

ಎಂ.ಎ.ಗೆ ಮೈಸೂರಿಗೆ ಹೋದೆ. ಅಲ್ಲಿನ ಮನಃಶಾಸ್ತ್ರ ವಿಭಾಗ 1924ರದ್ದು, ದೇಶದಲ್ಲೇ ಹಳೆಯವುಗಳಲ್ಲಿ ಒಂದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮನೆಯಲ್ಲೇ ರೇಡಿಯೊ ಕೇಂದ್ರ ಶುರುಮಾಡಿ, ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ಊರಿಗೆಲ್ಲ ಸಂಗೀತ ಕೇಳಿಸಿದವರು. ಮನಃಶಾಸ್ತ್ರದವರಿಗೂ ರೇಡಿಯೊಗೂ ಏನು ಸಂಬಂಧ ಎಂದು ಆಗ ಅನಿಸಿತ್ತು. ಜನ ಏನನ್ನು ಕೇಳಿಸಿಕೊಳ್ಳುತ್ತಾರೆ, ಯಾವಾಗ ಕಿವಿ ಮುಚ್ಚಿಕೊಳ್ಳುತ್ತಾರೆ ಎಂಬುದೇ ನನ್ನ ಮುಂದಿನ ಇಪ್ಪತ್ತು ವರ್ಷದ ತಲೆನೋವಾಗಲಿದೆ ಎಂದು ಗೊತ್ತಿರಲಿಲ್ಲ.

ಮರಿಯೆಂಟಾಲ್ ಎಂಬ ಊರಿನ ಅಧ್ಯಯನ ಸಿಕ್ಕಿದ್ದು ಅಲ್ಲೇ, ಗ್ರಂಥಾಲಯದಲ್ಲಿ. ವಿಯೆನ್ನಾ ಹತ್ತಿರದ ಹಳ್ಳಿ. ಊರಿಗೆ ಊರೇ ಒಂದು ಬಟ್ಟೆ ಗಿರಣಿ ನಂಬಿಕೊಂಡಿತ್ತು. ಆರ್ಥಿಕ ಕುಸಿತದ ಹೊತ್ತಿನಲ್ಲಿ ಗಿರಣಿ ಮುಚ್ಚಿತು. ಮರೀ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಎಂಬ ಎಳೆಯ ಸಂಶೋಧಕರು ಅಲ್ಲಿಗೆ ಹೋಗಿ, ಕೆಲಸವಿಲ್ಲದ ಮನುಷ್ಯನ ದಿನ ಹೇಗಿರುತ್ತದೆ ಎಂದು ಅಳೆದು, 1933ರಲ್ಲಿ ಪುಸ್ತಕ ಮಾಡಿದರು. ಪ್ರಶ್ನೆಪತ್ರಿಕೆ ಹಂಚಿ ಬಂದವರಲ್ಲ. ಬೀದಿಯಲ್ಲಿ ಜನ ಎಷ್ಟು ನಿಧಾನವಾಗಿ ನಡೆಯುತ್ತಾರೆ, ಎಷ್ಟು ಸಲ ನಿಲ್ಲುತ್ತಾರೆ ಎಂದು ಗಡಿಯಾರ ಹಿಡಿದು ಲೆಕ್ಕ ಹಾಕಿದವರು. ಹೊತ್ತು ಕೈಗೆ ಸಿಕ್ಕಿದ್ದೇ ಗಂಡಸರ ನಡಿಗೆ ಬಿದ್ದುಹೋಗಿತ್ತು. ಅಲ್ಲೊಂದು ಸಾಲಿತ್ತು: ನೋಡಿದ 100 ಗಂಡಸರಲ್ಲಿ 88 ಮಂದಿ ವಾಚು ಕಟ್ಟಿರಲಿಲ್ಲ, ಆ 88ರಲ್ಲಿ 31 ಜನರ ಮನೆಯಲ್ಲಷ್ಟೇ ವಾಚಿತ್ತು.

ಆ ಸಾಲು ಓದಿ ಮೈ ಜುಮ್ಮೆಂದಿತು ಎಂದೆಲ್ಲ ಬರೆದರೆ ಸುಳ್ಳಾಗುತ್ತದೆ. ನೋಟ್ಸ್ ಮಾಡಿಕೊಂಡೆ, ಪರೀಕ್ಷೆಯಲ್ಲಿ ಲಘು ಟಿಪ್ಪಣಿಯಾಗಿ ಬರೆದೆ, ಅಂಕ ಬಂತು. ದಸರಾ ರಜೆಗೆ ಊರಿಗೆ ಬಂದವಳು ಬೀರುವಿನಲ್ಲಿ ರವಿಕೆ ಹುಡುಕುವಾಗ, ಸೀರೆಗಳ ಮಡಿಕೆ ನಡುವೆ ಜನತಾ ಸಿಕ್ಕಿತು. ನಾಲ್ಕೂ ಹತ್ತಕ್ಕೆ ನಿಂತಿತ್ತು. ಬೆಳಗಿನದೋ ಸಂಜೆಯದೋ.

ಯಹೋಡಾ ಮುಂದೆ ಇದನ್ನೇ ಬೆಳೆಸಿ, ಕೆಲಸ ಸಂಬಳದ ಜೊತೆಗೆ ಇನ್ನೂ ಐದನ್ನು ಕೊಡುತ್ತದೆ ಎಂದರು: ದಿನಕ್ಕೊಂದು ಕಟ್ಟು, ಮನೆಯಾಚೆಯ ಜನ, ಎಲ್ಲರೂ ಸೇರಿ ಮಾಡುವುದೊಂದು ಉದ್ದೇಶ, ಸಮಾಜದಲ್ಲೊಂದು ಸ್ಥಾನ, ಕೈಗೊಂದು ಚಟುವಟಿಕೆ. ಅಪ್ಪನ ವಿಷಯದಲ್ಲಿ ಇದು ಸರಿಯೇ ಎಂದು ಪರೀಕ್ಷಿಸುವ ಅವಕಾಶ ತಾನಾಗಿ ಬಂತು. ಸಂಬಂಧಿಕರೊಬ್ಬರು ಮಂಡಿಪೇಟೆಯ ತಮ್ಮ ಅಂಗಡಿಯಲ್ಲಿ ಲೆಕ್ಕ ಬರೆಯಲು ಕರೆದರು. ಸಂಬಳ ಫ್ಯಾಕ್ಟರಿಯದರಲ್ಲಿ ಕಾಲುಭಾಗವೂ ಇಲ್ಲ. ಕೊಬ್ಬರಿ ಧೂಳಿಗೆ ಕೆಮ್ಮು ಬೇರೆ. ಆದರೆ ಹೋದ ಮೊದಲ ದಿನವೇ ಬೀರು ತೆರೆದ ಸದ್ದು, ಆಮೇಲೆ ಕೀ ಕೊಡುವ ಕಿರಕಿರ ಸದ್ದು. ನಾನು ಪಿಎಚ್.ಡಿ. ಮಾಡುವುದಾದರೆ ಇದರ ಮೇಲೇ ಎಂದು ನಿರ್ಧರಿಸಿದ್ದು ಆವತ್ತು.

ಪಿಎಚ್.ಡಿ. ಮುಗಿಯಲು ಎಂಟು ವರ್ಷ ಹಿಡಿಯಿತು, ಯಾಕೆಂದರೆ ಹೊಟ್ಟೆಪಾಡಿಗೆ ನಾನು ಅತಿಥಿ ಉಪನ್ಯಾಸಕಿ. ಅತಿಥಿ ಎಂಬ ಪದ ಇಷ್ಟು ಕೆಟ್ಟದಾಗಿ ಬಳಕೆಯಾಗಿರುವ ಜಾಗ ಇನ್ನೊಂದಿರಲಾರದು. ಪ್ರತಿ ವರ್ಷ ಹೊಸದಾಗಿ ಅರ್ಜಿ. ಹತ್ತು ತಿಂಗಳ ಪಾಠ, ಎರಡು ತಿಂಗಳ ಬೇಸಿಗೆಗೆ ಸಂಬಳವಿಲ್ಲ. ಕಾಯಂ ನೌಕರರು ವರ್ಗವಾಗಿ ಬಂದರೆ ನಮ್ಮ ‘ವರ್ಕ್‌ಲೋಡ್’ ಆವಿ. ಸಂಬಳ ಮೂರು ನಾಲ್ಕು ತಿಂಗಳಿಗೊಮ್ಮೆ ಬರುತ್ತಿತ್ತು. ಅಂಥ ದಿನಗಳಲ್ಲಿ ‘ಉದ್ಯೋಗ ಭದ್ರತೆ ಮತ್ತು ಮಾನಸಿಕ ಆರೋಗ್ಯ’ ಎಂಬ ಅಧ್ಯಾಯ ಬರೆದಿದ್ದೇನೆ. ಸ್ಟಾಫ್ ರೂಮಿನಲ್ಲಿ ಕಾಯಂ ನೌಕರರ ಕುರ್ಚಿಗೆ ಟವೆಲ್ ಇರುತ್ತಿತ್ತು, ನಮ್ಮದಕ್ಕೆ ಇರುತ್ತಿರಲಿಲ್ಲ. ಪ್ರಬಂಧದಲ್ಲಿ ಟವೆಲ್ ವಿಷಯ ಸೇರಿಸಿದ್ದೆ. ಮಾರ್ಗದರ್ಶಕರು ಹೊಡೆದುಹಾಕಿದರು.

ಕ್ಷೇತ್ರಕಾರ್ಯಕ್ಕೆ ಆರಿಸಿಕೊಂಡದ್ದು ಗಾರ್ಮೆಂಟ್ಸ್. ಊರಾಚೆಯ ಒಂದು ಕಾರ್ಖಾನೆಯಲ್ಲಿ ಅನುಮತಿಗೆ ಐದು ತಿಂಗಳು ಅಲೆದೆ. ಕೊಟ್ಟಿದ್ದು ಊಟದ ಅರ್ಧ ಗಂಟೆಯಲ್ಲಿ ಕಾಲು ಗಂಟೆ. ಸತತ ಕೆಲಸ ಐದು ಗಂಟೆ ಮೀರುವ ಮುಂಚೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕೆಂದು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ಆ ಬಿಡುವಿನಲ್ಲೇ ಅರ್ಧ ನಾನು ಕಿತ್ತುಕೊಂಡಂತಾಯಿತು. ಡಬ್ಬಿ ಮುಚ್ಚಳ ತೆಗೆದು ಮುದ್ದೆ ಮುರಿಯುತ್ತಿರುವವರ ಮುಂದೆ ಹಾಳೆ ಹಿಡಿದು ನಿಲ್ಲುವುದು ಎಂಥ ಸಂಕೋಚ ಅಂತೀರಿ.

ಇನ್ನು ಭಾಷೆ. ವೆಲ್‌ಬೀಯಿಂಗ್ ಎಂಬುದಕ್ಕೆ ಕನ್ನಡದಲ್ಲಿ ಏನನ್ನಬೇಕು? ಸರಕಾರಿ ಕಾಗದದಲ್ಲಿ ‘ಯೋಗಕ್ಷೇಮ’. ಆ ಪದ ಕೇಳಿದರೆ ನನಗೆ ನೆನಪಾಗುವುದು ಅಜ್ಜನ ಕಾಲದ ಕಾಗದಗಳು: ‘ಉಭಯ ಕುಶಲೋಪರಿ’ ಎಂದು ಶುರು, ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಎರಡನೇ ಸಾಲು, ಮನೆಯಲ್ಲಿ ಸಾವು ನೋವು ಸಾಲ ಏನಿದ್ದರೂ ಅದು ಮೂರನೇ ಸಾಲಿನಿಂದ. ಎಚ್.ಆರ್. ಕಣ್ಣೆದುರು ತುಂಬುವ ಪ್ರಶ್ನೆಪತ್ರಿಕೆ ಆ ಎರಡನೇ ಸಾಲಿಗೇ ನಿಂತುಬಿಡುತ್ತದೆ. ‘ಯಾವಾಗಲೂ, ಆಗಾಗ್ಗೆ, ಕೆಲವೊಮ್ಮೆ, ಅಪರೂಪಕ್ಕೆ, ಎಂದಿಗೂ ಇಲ್ಲ’ ಎಂಬ ಐದು ಮನೆಗಳಲ್ಲಿ ಎಲ್ಲರೂ ನಡುವಿನ ಮನೆಗೇ ಗುರುತು ಹಾಕುತ್ತಿದ್ದರು. ‘ನೀವೇ ಏನಾದ್ರೂ ಹಾಕ್ಕೊಳಿ ಮೇಡಂ, ನಿಮ್ಗೆ ಡಿಗ್ರಿ ಸಿಕ್ಕಿದ್ರೆ ಸಾಕು’ ಎಂದ ಶಿರಾ ಕಡೆಯ ಅಕ್ಕನ ಕರುಣೆಯನ್ನು ಯಾವ ಅಂಕಣದಲ್ಲಿ ತುಂಬಲಿ?

ಮಾನಸಿಕ ಆರೋಗ್ಯ ಅಳೆಯಲು ಡೇವಿಡ್ ಗೋಲ್ಡ್‌ಬರ್ಗ್ ರೂಪಿಸಿದ ಜನರಲ್ ಹೆಲ್ತ್ ಕ್ವೆಶ್ಚನೇರ್ ಎಂಬ ಪ್ರಶ್ನೆಪತ್ರಿಕೆ ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ. ಅದರ ಚಿಕ್ಕ ರೂಪದ 12 ಪ್ರಶ್ನೆಗಳಲ್ಲೊಂದು, ಚಿಂತೆಯಿಂದ ನಿಮ್ಮ ನಿದ್ದೆ ಕೆಟ್ಟಿದೆಯೇ ಎನ್ನುವುದು. ಇದಕ್ಕೆ ಮಾತ್ರ ಹೆಂಗಸರು ಧಾರಾಳವಾಗಿ ‘ಹೌದು’ ಅನ್ನುತ್ತಿದ್ದರು. ಆತಂಕದ ಅಂಕ ಏರಿತು, ನಾನು ಒಳಗೊಳಗೇ ಹಿಗ್ಗಿದೆ, ಪ್ರಬಂಧಕ್ಕೆ ಜೀವ ಬಂತೆಂದು. ಒಂದಿನ ಕುತೂಹಲಕ್ಕೆ ಏನು ಚಿಂತೆ ಅಂತ ಕೇಳಿದೆ. ‘ಚಿಂತೆ ಏನಿಲ್ಲ ಮೇಡಂ, ನಮ್ ಏರಿಯಾದಲ್ಲಿ ನೀರು ಬಿಡೋದೇ ರಾತ್ರಿ ಎರಡಕ್ಕೆ.’ ಸುತ್ತ ಕೂತವರೆಲ್ಲ ನಕ್ಕರು. ಒಬ್ಬೊಬ್ಬರಾಗಿ ತಮ್ಮ ತಮ್ಮ ಬಡಾವಣೆಯ ನೀರಿನ ವೇಳೆ ಹೇಳಿದರು. ಅವತ್ತಿನಿಂದ ನಾನು ಹಾಳೆಯ ಹಿಂಬದಿಯಲ್ಲೂ ಬರೆದುಕೊಳ್ಳಲು ಶುರುಮಾಡಿದೆ. ಮುಂಬದಿ ಪರೀಕ್ಷಕರಿಗೆ, ಹಿಂಬದಿ ನನಗೆ.

ಹಿಂಬದಿಯಲ್ಲಿ ‘ಸ್ಟ್ರೆಸ್’ ಎಂಬ ಪದವೇ ಇಲ್ಲ. ‘ಮೈಕೈ ನೋವು’ ಇದೆ, ‘ತಲೆ ಕೆಟ್ಟೋಗುತ್ತೆ’ ಇದೆ. ‘ದುಡಿದೂ ದುಡಿದೂ ಜೀವ ಹಣ್ಣಾಗಿದೆ’ ಎಂಬುದಂತೂ ಹತ್ತಾರು ಕಡೆ. ಕೆಲಸದಲ್ಲಿ ಬಸವಳಿದುಹೋಗುವ ಬರ್ನ್‌ಔಟ್ ಎಂಬುದಕ್ಕೆ ನಮ್ಮ ವಿದ್ವಾಂಸರು ಮಾಡಿದ ಯಾವ ಪಾರಿಭಾಷಿಕವೂ ಈ ‘ಹಣ್ಣಾಗುವುದರ’ ಹತ್ತಿರ ಸುಳಿಯುವುದಿಲ್ಲ.

2016ರ ಏಪ್ರಿಲ್‌ನಲ್ಲಿ ನಾನು ಮುಂಬದಿಯ ಅಂಕಿಗಳನ್ನು ಕಂಪ್ಯೂಟರಿಗೆ ತುಂಬುತ್ತಿದ್ದೆ. ‘ಮಧ್ಯಮ ಪ್ರಮಾಣದ ಒತ್ತಡ’ ಎಂದು ಫಲಿತಾಂಶ. ಅದೇ ವಾರ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಹೆದ್ದಾರಿಗೆ ಇಳಿದರು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವ ಹಾಗಿಲ್ಲ ಎಂದು ಕೇಂದ್ರ ಸರಕಾರ ನಿಯಮ ಮಾಡಿತ್ತು. ನಲವತ್ತಕ್ಕೇ ಬೆನ್ನು ಕೈಕೊಟ್ಟು ಕೆಲಸ ಬಿಡುವವರಿಗೆ 58 ಎಂದರೆ ಯಾವ ಜನ್ಮದ ಮಾತು? ಎರಡೇ ದಿನದಲ್ಲಿ, ಏಪ್ರಿಲ್ 19ಕ್ಕೆ, ನಿಯಮ ವಾಪಸಾಯಿತು. ನನ್ನ ಹಾಳೆಗಳಲ್ಲಿ ಆ ಸಿಟ್ಟಿನ ವಾಸನೆಯೂ ಇರಲಿಲ್ಲ. ನಡುವಿನ ಮನೆಗೆ ಗುರುತು ಹಾಕುವವರೂ ಇಂಥವರೇ ಎಂದು ನನಗೆ ಪೇಪರ್ ಓದಿ ಗೊತ್ತಾಗಬೇಕಾಯಿತು.

ಡಾಕ್ಟರೇಟ್ ಬಂದ ಮೇಲೆ ಇನ್ನೊಂದು ಕಾರ್ಖಾನೆಯವರು ‘ಸ್ಟ್ರೆಸ್ ಮ್ಯಾನೇಜ್‌ಮೆಂಟ್’ ಬಗ್ಗೆ ಮಾತಾಡಲು ಕರೆದರು. ಶಾಲು, ಹಾರ, ಹಣ್ಣಿನ ಬುಟ್ಟಿ. ನಾನು ಉಸಿರಾಟ ಕಲಿಸಿದೆ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಒತ್ತಡ ಅನಿಸಿದಾಗ ಐದು ನಿಮಿಷ ಹೀಗೆ ಮಾಡಿ ಎಂದೆ. ಕಾಲರ್ ಕೂರಿಸುವ ಹೆಂಗಸೊಬ್ಬಳು, ಇಪ್ಪತ್ತೈದೂ ಇರಲಾರದು, ಎದ್ದು ನಿಂತು ಕೇಳಿದಳು: ‘ಮಿಸ್, ನಾನು ಐದು ನಿಮಿಷ ಉಸಿರಾಡ್ತಾ ಕೂತ್ರೆ ನನ್ ಮಿಷನ್ ಹತ್ರ ಬಂಡಲ್ ರಾಶಿ ಬೀಳುತ್ತೆ. ಮುಂದ್ಗಡೆಯವ್ಳು ಕೈ ಕಟ್ಕೊಂಡು ಕೂರ್ತಾಳೆ. ಆ ಗಂಟೆ ಟಾರ್ಗೆಟ್ ಹೋಯ್ತು ಅಂತ ಇಡೀ ಲೈನ್‌ಗೆ ಬೈಗುಳ. ಅವ್ರೆಲ್ಲ ನನಗೆ ಬಯ್ಯಲ್ವಾ?’

ಬೈಗುಳದ ದಾರಿಯನ್ನು ಆಕೆ ಎಷ್ಟು ಚೆನ್ನಾಗಿ ಬಿಡಿಸಿಟ್ಟಳು ನೋಡಿ. ಶರ್ಟು ಕೈಯಿಂದ ಕೈಗೆ ಹರಿಯುತ್ತದೆ. ಒಬ್ಬಳು ತಡೆದರೆ ಹೊಳೆ ಅಲ್ಲಿ ನಿಲ್ಲುತ್ತದೆ. ಸೂಪರ್‌ವೈಸರ್ ಕಣ್ಣು ಬೀಳುವ ಮುಂಚೆಯೇ ಪಕ್ಕದವಳ ಕಣ್ಣು ಬೀಳುತ್ತದೆ. ಗೆಳತಿಯರೇ ಒಬ್ಬರ ಮೇಲೊಬ್ಬರು ಕಾವಲು ಕೂರುವಂತೆ ಕೆಲಸವನ್ನು ಜೋಡಿಸಿಟ್ಟು, ನಂತರ ಶಾಲು ಹೊದಿಸಿ ನನ್ನನ್ನು ಉಸಿರಾಟಕ್ಕೆ ಕರೆಯುತ್ತಾರೆ. ಕಾರ್ಖಾನೆ ಕಾಯ್ದೆ ಕುಡಿಯುವ ನೀರು, ಬೆಳಕು, ಶೌಚಾಲಯ ಎಲ್ಲದರ ಬಗ್ಗೆ ಹೇಳುತ್ತಿತ್ತು. ಬಂಡಲ್ ಎಷ್ಟು ಬೇಗ ಬರಬೇಕು ಎಂಬುದರ ಬಗ್ಗೆ ಅಲ್ಲ. ಅವತ್ತು ಆ ಹುಡುಗಿಗೆ ಕೊಟ್ಟ ಉತ್ತರ ನೆನಪಿಲ್ಲ, ನೆನಪಿಡುವಂಥದ್ದೂ ಆಗಿರಲಾರದು.

ಓದಿದ್ದರಲ್ಲಿ ಉತ್ತರ ಇರಲಿಲ್ಲ ಎಂದಲ್ಲ. ಕೆಲಸದ ಒತ್ತಡದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ಹೇಳಿದ್ದರು: ಮನುಷ್ಯನನ್ನು ಹಣ್ಣು ಮಾಡುವುದು ಬರೀ ಕೆಲಸದ ಹೊರೆಯಲ್ಲ, ಹೊರೆ ದೊಡ್ಡದಿದ್ದು ಕೆಲಸದ ಮೇಲೆ ತನಗಿರುವ ಹಿಡಿತ ಮಾತ್ರ ಚಿಕ್ಕದಿರುವುದು. ಬ್ರಿಟನ್ನಿನ ಸರಕಾರಿ ನೌಕರರ ಮೇಲೆ 1967ರಿಂದ ನಡೆದ ವೈಟ್‌ಹಾಲ್ ಅಧ್ಯಯನವೂ ಇದನ್ನೇ ಬೇರೆ ದಾರಿಯಿಂದ ತೋರಿಸಿತ್ತು. ದೊಡ್ಡ ಸಾಹೇಬರಿಗೆ ಟೆನ್ಷನ್ ಜಾಸ್ತಿ, ಹೃದಯಾಘಾತ ಅವರಿಗೇ ಎಂದು ಎಲ್ಲರೂ ನಂಬಿದ್ದರು. ನೋಡಿದರೆ ಹೃದಯ ಕಾಯಿಲೆಯಿಂದ ಸಾಯುವ ಪ್ರಮಾಣ ಕೆಳಗಿನ ದರ್ಜೆಯ ನೌಕರರಲ್ಲೇ ಮೂರು ಪಟ್ಟಿಗೂ ಹೆಚ್ಚು. ಬೀಡಿ ಸಿಗರೇಟು, ರಕ್ತದೊತ್ತಡ ಎಲ್ಲ ಲೆಕ್ಕ ಹಿಡಿದರೂ ಅಂತರ ಪೂರ್ತಿ ಮುಚ್ಚಲಿಲ್ಲ. ಇದನ್ನೆಲ್ಲ ನಾನು ಪಾಠ ಮಾಡುತ್ತಿದ್ದೆ, ಬೋರ್ಡಿನ ಮೇಲೆ ಹೊರೆ-ಹಿಡಿತಗಳ ನಾಲ್ಕು ಚೌಕ ಬರೆದು. ಚೌಕದೊಳಗೆ ಕಾಲರ್ ಕೂರಿಸುವವಳನ್ನು ಕೂರಿಸಿ ನೋಡಿರಲಿಲ್ಲ.

ಅಪ್ಪನನ್ನು ಕೇಳಿದೆ. ದಿನವಿಡೀ ಅದೇ ಚಿಮಟ, ಕಣ್ಣಿಗೆ ಅದೇ ಭೂತಗನ್ನಡಿ, ಅದೇ ಸಣ್ಣ ಚಕ್ರ. ಗಾರ್ಮೆಂಟ್ಸಿಗಿಂತ ಯಾವ ರೀತಿ ಬೇರೆ? ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, ‘ಒಂದು ಸರಿಯಾಗಿ ಕೂರ್ಲಿಲ್ಲ ಅನ್ಕೋ, ಪಕ್ಕಕ್ಕಿಟ್ಟು ಟೀ ಕುಡಿದು ಬಂದು ಆಮೇಲೆ ನೋಡ್ತಿದ್ದೆ’ ಎಂದರು. ಪಕ್ಕಕ್ಕಿಡುವುದು. ಕರಾಸೆಕ್ಕರ ಹಿಡಿತಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ನನಗೆ ಸಿಕ್ಕಿಲ್ಲ. (ಅಪ್ಪನ ನೆನಪು ಹೊಳಪು ಕೊಟ್ಟ ನೆನಪು ಎಂಬುದೂ ಗೊತ್ತು. ಕತ್ತು ನೋವಿಗೆ ಅಮ್ಮ ರಾತ್ರಿಯೆಲ್ಲ ಎಣ್ಣೆ ತಿಕ್ಕುತ್ತಿದ್ದುದು ಅವರ ಕತೆಯಲ್ಲಿ ಬರುವುದೇ ಇಲ್ಲ.)

ನಮ್ಮ ಶಾಸ್ತ್ರದ ಮೂಲಕತೆ ಎಂದರೆ ಶಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯ ಪ್ರಯೋಗಗಳು, 1924ರಿಂದ 1932. ಬೆಳಕು ಹೆಚ್ಚಿಸಿದರೂ ಉತ್ಪಾದನೆ ಏರಿತು, ತಗ್ಗಿಸಿದರೂ ಏರಿತು. ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಎಂಬುದೇ ಕಾರಣ ಎಂದು ಪಠ್ಯ ಹೇಳುತ್ತದೆ. ಟೆಲಿಫೋನಿನ ರಿಲೇ ಎಂಬ ಬಿಡಿಭಾಗ ಜೋಡಿಸುವ ಕೋಣೆಯಲ್ಲಿದ್ದ ಹುಡುಗಿಯರಲ್ಲಿ ಇಬ್ಬರನ್ನು ಮಾತು ಜಾಸ್ತಿ ಎಂಬ ದೂರಿನ ಮೇಲೆ 1928ರಲ್ಲಿ ಹೊರಗಿಟ್ಟು ಬೇರೆಯವರನ್ನು ತಂದರು ಎಂಬುದು ಹೆಚ್ಚಿನ ಪಠ್ಯಗಳಲ್ಲಿ ಇಲ್ಲ. ನಾನು ಅದನ್ನು ತರಗತಿಯಲ್ಲಿ ಹೇಳದೆ ಬಿಡುವುದಿಲ್ಲ. ಹಿಂದಿನ ಬೆಂಚಿನಿಂದ ಯಾರಾದರೂ ‘ನಮ್ ಕ್ಲಾಸ್ ತರಾನೇ’ ಅನ್ನುತ್ತಾರೆ.

ಉಸಿರಾಟದ ಭಾಷಣದ ಪ್ರಾಯಶ್ಚಿತ್ತಕ್ಕೆಂದು ಅದೇ ಕಾರ್ಖಾನೆಯ ಮ್ಯಾನೇಜರನ್ನು ಮತ್ತೆ ಕಂಡೆ. ಭಾಷಣ ಬೇಡ, ಒಂದು ಲೈನಿಗೆ ಒಬ್ಬ ಫ್ಲೋಟರನ್ನು ಕೊಡಿ ಎಂದೆ. ಫ್ಲೋಟರ್ ಎಂದರೆ ಎಲ್ಲ ಮಿಷನ್ನೂ ಬಲ್ಲ, ಯಾವ ಮಿಷನ್ನಿಗೂ ಕಟ್ಟುಬೀಳದ ಟೈಲರ್. ಯಾರಾದರೂ ರಜೆ ಹಾಕಿದರೆ ಆ ಜಾಗ ತುಂಬುವವಳು. ಅವಳನ್ನು ರಜೆಗೆ ಮಾತ್ರವಲ್ಲ, ಯಾರು ಎದ್ದರೂ ಕೂರಿಸುವಂತೆ ಬಿಡಿ, ಎದ್ದವರು ಯಾಕೆ ಎದ್ದರೆಂದು ಕೇಳಬೇಡಿ. ಆತ ಒಳ್ಳೆಯ ಮನುಷ್ಯ, ಒಪ್ಪಿದ. ಆರು ವಾರ ನಡೆಯಿತು. ಮೊದಲ ವಾರ ಒಬ್ಬರೂ ಏಳಲಿಲ್ಲ; ಇದೇನೋ ಹೊಸ ಪರೀಕ್ಷೆ ಎಂದುಕೊಂಡರಂತೆ. ಎರಡನೇ ವಾರ ಒಬ್ಬಿಬ್ಬರು. ಆಮೇಲೆ ತಮ್ಮಲ್ಲೇ ಸರದಿ ಮಾಡಿಕೊಂಡರು. ನೀರಿನ ಬಾಟಲಿಗಳು ಮಿಷನ್ ಪಕ್ಕ ಕಾಣಿಸಿಕೊಂಡವು. ಶೌಚಕ್ಕೆ ಹೋಗಬೇಕಾಗುತ್ತದೆಂದು ಅಲ್ಲಿಯವರೆಗೆ ನೀರೇ ಕುಡಿಯುತ್ತಿರಲಿಲ್ಲವಲ್ಲ! ಏಳನೇ ವಾರ ದೊಡ್ಡ ಆರ್ಡರ್ ಬಂತು, ಫ್ಲೋಟರನ್ನು ಬೇರೆ ಲೈನಿಗೆ ಎಳೆದರು. ಪ್ರಕಟಿಸಲು ಕಾರ್ಖಾನೆ ಒಪ್ಪಲಿಲ್ಲ. ಒಪ್ಪಿದ್ದರೂ ಒಂದೇ ಲೈನಿನ ಲೆಕ್ಕವನ್ನು ಯಾವ ಜರ್ನಲ್ಲೂ ತೆಗೆದುಕೊಳ್ಳುತ್ತಿರಲಿಲ್ಲ. ನನ್ನ ವೃತ್ತಿಯಲ್ಲಿ ನಾನು ಮಾಡಿದ ಒಂದೇ ಒಂದು ಉಪಯೋಗದ ಕೆಲಸ ನನ್ನ ಬಯೋಡೇಟಾದಲ್ಲಿ ಇಲ್ಲ.

ಈಗ ನಾನು ಕಾಯಂ. ಕುರ್ಚಿಗೆ ಟವೆಲ್ ಬಂದಿದೆ. ಎರಡು ದಿನ ಅದರ ಮೇಲೆ ಒರಗಲು ಮನಸ್ಸಾಗಲಿಲ್ಲ. ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ ಹತ್ತಿರ ಬಂದಂತೆ ಬೆಂಗಳೂರಿನಿಂದ ಫೋನುಗಳು ಶುರುವಾಗುತ್ತವೆ: ವೆಲ್‌ನೆಸ್ ವೀಕ್, ನಲವತ್ತು ನಿಮಿಷ, ಸ್ವಲ್ಪ ಫನ್ ಆಗಿರಲಿ. ಕೆಲವಕ್ಕೆ ಹೋಗುತ್ತೇನೆ, ದುಡ್ಡು ಚೆನ್ನಾಗಿ ಕೊಡುತ್ತಾರೆ. ಅಲ್ಲೊಂದು ಪ್ರಶ್ನೆ ಮಾತ್ರ ಕೇಳುತ್ತೇನೆ: ನಿಮ್ಮಲ್ಲಿ ಯಾರು ಯಾವುದನ್ನು ಪಕ್ಕಕ್ಕಿಡಬಹುದು? ಮುಂದಿನ ವರ್ಷ ಕರೆಯದಿದ್ದರೆ ಅರ್ಥವಾಯಿತು ಅಂದುಕೊಳ್ಳುತ್ತೇನೆ.

ಬರ್ನ್‌ಔಟನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆ ಎಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ವ್ಯಾಖ್ಯಾನಿಸಿತು: ಕೆಲಸದ ಜಾಗದ ದೀರ್ಘಕಾಲದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಇದ್ದಾಗ ಆಗುವಂಥದ್ದು. ಇದನ್ನು ಕನ್ನಡಕ್ಕೆ ತನ್ನಿ ಎಂದು ಎಂ.ಎ. ಮಕ್ಕಳಿಗೆ ಕೊಟ್ಟೆ. ತರಗತಿ ಸಿಕ್ಕಿಹಾಕಿಕೊಂಡಿತು. ನಿಭಾಯಿಸದೆ ಇದ್ದದ್ದು ಯಾರು? ಇಂಗ್ಲಿಷಿನಲ್ಲಿ ಆ ‘ಯಾರು’ ಮೆಲ್ಲಗೆ ಜಾರಿಕೊಂಡಿದೆ. ಕನ್ನಡದಲ್ಲಿ ವಾಕ್ಯ ಶುರುಮಾಡಿದ ಕೂಡಲೇ ‘ಯಾರು’ ಎಂದು ಕೈ ಹಿಡಿದು ಕೇಳುತ್ತದೆ. ಪಾವಗಡದ ಹುಡುಗ ‘ಕೆಲಸಗಾರನು’ ಎಂದು ಬರೆದಿದ್ದ. ತಾಯಿ ಗಾರ್ಮೆಂಟ್ಸಿಗೆ ಹೋಗುವ ಹುಡುಗಿ ‘ಕಂಪನಿಯವರು’ ಎಂದು ಬರೆದಿದ್ದಳು. ಇಬ್ಬರಿಗೂ ಪೂರ್ತಿ ಅಂಕ ಕೊಟ್ಟೆ, ಅದು ಹೇಡಿತನವೇ ಇರಬಹುದು.

ಮರಿಯೆಂಟಾಲ್ ಪುಸ್ತಕದಲ್ಲಿ ನಾನು ತುಂಬ ವರ್ಷ ಗಮನಿಸದ ಇನ್ನೊಂದು ಮಾತಿದೆ. ಗಂಡಸರ ನಡಿಗೆ ನಿಧಾನವಾಗಿತ್ತು, ಹೆಂಗಸರದ್ದಲ್ಲ. ಗಿರಣಿ ಮುಚ್ಚಿದ್ದರಿಂದ ಹೆಂಗಸರು ನಿರುದ್ಯೋಗಿಗಳಾಗಲಿಲ್ಲ, ಅವರಿಗೆ ಸಂಬಳ ಮಾತ್ರ ನಿಂತಿತು ಎನ್ನುತ್ತಾರೆ ಲೇಖಕರು. ಒಲೆ, ಬಟ್ಟೆ, ಮಕ್ಕಳು ಹಾಗೇ ಇದ್ದವಲ್ಲ. ಅಪ್ಪ ಜಗಲಿಯಲ್ಲಿ ಕೂತ ಆ ತಿಂಗಳುಗಳಲ್ಲಿ ಅಮ್ಮ ಏನು ಮಾಡುತ್ತಿದ್ದಳು ಎಂದು ನೆನಪಿಸಿಕೊಳ್ಳಲು ನೋಡಿದೆ. ಓಡಾಡುತ್ತಿದ್ದಳು. ಅವ್ಯಾವುವೂ ಬಿಡಿಬಿಡಿಯಾಗಿ ನೆನಪಾಗುತ್ತಿಲ್ಲ. ವಾಚ್ ಫ್ಯಾಕ್ಟರಿಯವನ ಹೆಂಡತಿಯ ಕೈಯಲ್ಲಿ ಒಂದು ದಿನವೂ ವಾಚು ನೋಡಿದವಳಲ್ಲ ನಾನು.

ಹೋದ ತಿಂಗಳು ಹೊಸ ಪ್ರಶ್ನೆಪತ್ರಿಕೆಯ ಕನ್ನಡ ಸರಿಯಿದೆಯೇ ಎಂದು ನೋಡಲು ರಾತ್ರಿ ಅಮ್ಮನನ್ನು ಕೂರಿಸಿಕೊಂಡೆ. ಅವಳಿಗೀಗ ಎಪ್ಪತ್ತು ದಾಟಿದೆ. ಅಪ್ಪ ಒಳಗೆ ಮಲಗಿದ್ದರು.

‘ನಿಮ್ಮ ಕೆಲಸವನ್ನು ಯಾವಾಗ ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂದು ತೀರ್ಮಾನಿಸುವವರು ಯಾರು?’ ಓದಿದೆ.

‘ಯಾವ್ ಕೆಲ್ಸ?’ ಅಂದಳು.

‘ನೀನು ಮಾಡೋದು, ಅಮ್ಮ.’

‘ನಾನೇನ್ ಮಾಡ್ತೀನಿ, ಮನೇಲೇ ಇರ್ತೀನಿ.’

‘ಅನ್ವಯಿಸುವುದಿಲ್ಲ’ ಎಂಬ ಚೌಕಕ್ಕೆ ಪೆನ್ನು ತೆಗೆದುಕೊಂಡು ಹೋದವಳು ಅಲ್ಲೇ ನಿಲ್ಲಿಸಿದೆ. ಅಷ್ಟರಲ್ಲಿ ಹಿತ್ತಿಲ ನಲ್ಲಿ ಬುಸ್ ಎಂದು ಗಾಳಿ ಬಿಟ್ಟಿತು. ಗಂಟೆ ನೋಡದೆಯೇ ಅಮ್ಮ ಎದ್ದಳು. ‘ಡ್ರಮ್ ಮುಚ್ಳ ತೆಗಿ ಹೋಗು’ ಎಂದಳು. ಹಾಳೆ ಮಡಚಿಟ್ಟು ಹೋದೆ.